ಗಂಗಕ್ಕನ ರಕ್ತದಲ್ಲಿ ಕಾಣದ್ದು

ಗಂಗಕ್ಕ, ಅವತ್ತು ದಾವಣಗೆರೆಯಲ್ಲಿ ಡಾಕ್ಟರ ಮುಂದೆ ನಾನು ಹೇಳಿದ್ದು ಸುಳ್ಳು. ಕುರಿ ಕೊಯ್ದಾಗ ನೀರುಗುಳ್ಳೆ ಇರುವ ಲಿವರನ್ನು ನಾಯಿಗೆ ಹಾಕುವುದಿಲ್ಲ, ಹೂಳುತ್ತೇವೆ ಎಂದೆ. ನಾವು ಹೂಳಿದ್ದು ಯಾವತ್ತು? ನೀನು ಹಿರಿಯ ಸೊಸೆ, ಬಾಡು ಮುಟ್ಟದವಳು. ಕಿರಿಯ ಸೊಸೆಯಾದ ನಾನೇ ಬಾಡು ಹಸನು ಮಾಡುತ್ತಿದ್ದೆ. ಗುಳ್ಳೆ ಇರುವ ತುಂಡನ್ನು ಮನುಷ್ಯರು ತಿನ್ನಬಾರದೆಂದು ಕೊಯ್ದು, ಹಿತ್ತಲಲ್ಲಿ ಕಾದು ಕೂತ ನಮ್ಮ ನಾಯಿ ಕರಿಯನಿಗೆ ಎಸೆಯುತ್ತಿದ್ದೆ. ಜಗಳೂರಿನ ಸುತ್ತ ಕುರಿ ಸಾಕುವವರು ಬಹಳ ಜನ ಹಾಗೇ ಮಾಡುವುದು — ಇದನ್ನು ನೆಪವೆಂದು ಹೇಳುತ್ತಿಲ್ಲ. ಹೇಳುತ್ತಿದ್ದೇನೇನೋ. ಗೊತ್ತಾಗುತ್ತಿಲ್ಲ.

ನಿನ್ನ ಬಲಪಕ್ಕೆಯ ನೋವಿಗೆ ಸ್ಕ್ಯಾನ್ ಮಾಡಿಸಿದಾಗ ಲಿವರಿನಲ್ಲಿ ಒಂದು ನೀರುಗುಳ್ಳೆ ಕಂಡಿತು. ನಾಯಿಯ ಹೊಟ್ಟೆಯ ಲಾಡಿಹುಳುವಿನ ಮೊಟ್ಟೆ ಮನುಷ್ಯರೊಳಗೆ ಸೇರಿದರೂ ಇಂಥ ಗುಳ್ಳೆ ಬೆಳೆಯುತ್ತದೆ, ರಕ್ತ ಪರೀಕ್ಷೆ ಮಾಡಿಸಿ ನೋಡೋಣ ಎಂದು ಡಾಕ್ಟರು ರಕ್ತ ತೆಗೆಸಿದರು. ಮನೆಗೆ ಬಂದು ಹೇಳಿದರೆ ಅತ್ತೆ ನಕ್ಕುಬಿಟ್ಟರು.

"ಬಾಡು ಮುಟ್ಟದಾಕಿಗೆ ಕುರಿ ರೋಗ ಹೆಂಗೆ ಬರ್ತೈತೆ? ಬಂದ್ರೆ ಮೂಳೆನೂ ಬಿಡದ ಈ ಸಾವಿತ್ರಿಗೆ ಬರ್ಬೇಕು."

ಎಂದು ನನ್ನ ಕಡೆ ಕೈ ತೋರಿಸಿದರು. ನೀನೂ ನಕ್ಕೆ, ನಾನೂ ನಕ್ಕೆ. ಕರಿಯನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಉಣ್ಣೆಹುಳ ಹೆಕ್ಕುತ್ತಿದ್ದವಳು ನೀನು, ಅದೇ ಕೈಯಲ್ಲಿ ಹೊಲದ ಸೌತೆಕಾಯಿ ಮುರಿದು ತಿನ್ನುತ್ತಿದ್ದವಳು ನೀನು ಎಂಬುದು ಆಗ ನಮಗ್ಯಾರಿಗೂ ಹೊಳೆಯಲಿಲ್ಲ.

ಮತ್ತೆ ಹೋದಾಗ ನಾವಿಬ್ಬರೇ ಇದ್ದೆವು. ರಕ್ತದಲ್ಲಿ ಏನೂ ಕಂಡಿರಲಿಲ್ಲ. ಡಾಕ್ಟರಿಗೆ ಮಾತ್ರ ಸಮಾಧಾನವಿರಲಿಲ್ಲ.

"ಗುಳ್ಳೆ ಇದ್ರೂ ಕೆಲವರ ರಕ್ತದಲ್ಲಿ ಗೊತ್ತಾಗಲ್ಲಮ್ಮ. ಅದಕ್ಕೇ ಕೇಳ್ತಿರೋದು. ಕುರಿಯ ಗುಳ್ಳೆ ಇರೋ ಲಿವರ್ ತಿಂದ್ರೇನೇ ನಾಯಿಗೆ ಆ ಹುಳು ಬರೋದು. ಅಂಥ ಲಿವರ್ ನಾಯಿಗೆ ಹಾಕ್ತೀರಾ? ಹೌದು ಅಂದ್ರೆ ಇವತ್ತೇ ದೊಡ್ಡಾಸ್ಪತ್ರೆಗೆ ಬರೆದುಕೊಡ್ತೀನಿ."

ಕುರಿ ಕೊಯ್ಯುವ ದಿನ ನೀನು ಹಿತ್ತಲ ಕಡೆ ತಲೆಯನ್ನೂ ಹಾಕುತ್ತಿರಲಿಲ್ಲ. "ಅದೆಲ್ಲ ಈಕಿಗೇ ಗೊತ್ತು ಸಾರ್" ಎಂದು ನನ್ನ ಕಡೆ ನೋಡಿದೆ.

"ಇಲ್ರಿ ಸಾರ್. ಹೂಳ್ತೀವಿ."

ಯೋಚಿಸಿ ಹೇಳಿ ಎಂದು ಅವರು ಇನ್ನೊಮ್ಮೆ ಕೇಳಿದರು. ಇನ್ನೊಮ್ಮೆಯೂ ಅದನ್ನೇ ಹೇಳಿದೆ. ಯಾಕೆ? ನಿನ್ನ ಕಾಯಿಲೆ ನನ್ನ ಕೈಯಿಂದ ಬಂತೆಂದು ಅತ್ತೆ ಸಾಯುವ ತನಕ ಆಡಿಕೊಳ್ಳುತ್ತಾರೆಂದೇ? ಡಾಕ್ಟರ ಕಣ್ಣಿಗೆ ಕೊಳಕು ಹೆಂಗಸಾಗಿ ಕಾಣುತ್ತೇನೆಂದೇ? ರಕ್ತವೇ ಏನೂ ಇಲ್ಲ ಎಂದಮೇಲೆ ನನ್ನ ಮಾತಿನಿಂದ ಏನಾದೀತು ಎಂದೇ? ಮೂರೂ ಇರಬಹುದು. ಒಮ್ಮೊಮ್ಮೆ ಇವೆಲ್ಲ ನಾನು ಆಮೇಲೆ ಹೊಂದಿಸಿಕೊಂಡ ಕಾರಣಗಳು, ಆ ಹೊತ್ತಿನಲ್ಲಿ ಬಾಯಿ ಸುಮ್ಮನೆ ಆಡಿಬಿಟ್ಟಿತು ಅನಿಸುತ್ತದೆ.

ಹಾಗಾದರೆ ಸಾದಾ ಗುಳ್ಳೆ ಇರಬಹುದು, ಮೂರು ತಿಂಗಳು ಬಿಟ್ಟು ಮತ್ತೆ ಸ್ಕ್ಯಾನ್ ಮಾಡೋಣ ಎಂದರು. ಜಗಳೂರು ಬಸ್ಸಿನಲ್ಲಿ ನೀನು ಮಂಡಕ್ಕಿ ತಿನ್ನುತ್ತ ಹಗುರಾಗಿ ಕೂತಿದ್ದೆ. "ರಕ್ತನೇ ಏನಿಲ್ಲ ಅಂದೈತೆ, ಇನ್ನೇನು ಬಿಡು" ಎಂದೆ.

ಆ ಮೂರು ತಿಂಗಳು ತುಂಬಲಿಲ್ಲ. ಹಟ್ಟಿಯಲ್ಲಿ ಮೇವು ಹಾಕುವಾಗ ಟಗರು ನಿನ್ನ ಪಕ್ಕೆಗೆ ಗುದ್ದಿತು. ಮೈತುಂಬ ದದ್ದು ಎದ್ದವು, ಮುಖ ಊದಿತು, ಉಸಿರು — ಆಸ್ಪತ್ರೆ ಮುಟ್ಟುವ ಮೊದಲೇ ನಿಂತಿತು. ಒಳಗೆ ಗುಳ್ಳೆ ಒಡೆದಿದೆ, ಅದರ ನೀರೇ ಮೈಗೆ ವಿಷವಾಗಿದೆ, ಹುಳುವಿನ ಗುಳ್ಳೆಯೇ ಇರಬೇಕು ಎಂದರು ಅಲ್ಲಿಯವರು. ಮನೆಯವರೆಲ್ಲ ಪರೀಕ್ಷೆ ಮಾಡಿಸಿಕೊಳ್ಳಿ ಎಂದೂ ಹೇಳಿದರು. ನಿನ್ನ ಗಂಡ, ನನ್ನ ಭಾವ, ಒಪ್ಪಲಿಲ್ಲ. ರಕ್ತ ಪರೀಕ್ಷೆ ನಂಬಿಯೇ ಕೆಟ್ಟೆವು ಎಂದರು. ಅಂದಿನಿಂದ ನಮ್ಮ ಮನೆಯಲ್ಲಿ ನಿನ್ನ ಸಾವಿಗೆ ಕಾರಣ ಸುಳ್ಳು ಹೇಳಿದ ಆ ರಕ್ತ. ಯಾರು ಬಂದು ಕೇಳಿದರೂ ಅತ್ತೆ ಅದನ್ನೇ ಹೇಳುತ್ತಾರೆ. ಪಕ್ಕದಲ್ಲಿ ಕೂತು ನಾನೂ ತಲೆಯಾಡಿಸಿದ್ದೇನೆ, ಇಷ್ಟು ವರ್ಷ.

ಹೋದ ವಾರದಿಂದ ನಿನ್ನ ಮಗಳು ಶೋಭಾ ಪಕ್ಕೆ ಹಿಡಿದುಕೊಂಡು ಕೂರುತ್ತಿದ್ದಾಳೆ. ಗ್ಯಾಸ್ ಇರಬಹುದು. ಇಲ್ಲದೆಯೂ ಇರಬಹುದು. ಆಸ್ಪತ್ರೆಗೆ ಕರೆದುಕೊಂಡು ಹೋಗೋಣ ಎಂದರೆ ಭಾವ ಮತ್ತೆ ಅದೇ ಮಾತು ತೆಗೆದರು — ಅವರ ಪರೀಕ್ಷೆಗಳನ್ನು ನೋಡಿದ್ದೇವಲ್ಲ ಎಂದು.

ಇವತ್ತು ಬೆಳಿಗ್ಗೆ, ಅತ್ತೆಯೂ ಅಲ್ಲೇ ಇರುವಾಗ, ಹೇಳಿಬಿಟ್ಟೆ. ರಕ್ತ ಪೂರ್ತಿ ಹೇಳಲಾರದೆಂದು ಡಾಕ್ಟರಿಗೆ ಗೊತ್ತಿತ್ತು, ಉಳಿದದ್ದನ್ನು ನನ್ನನ್ನು ಕೇಳಿದರು, ನಾನು ಮುಚ್ಚಿಟ್ಟೆ ಎಂದೆ. ಅತ್ತೆ ಬಯ್ಯುತ್ತಾರೆಂದು ಕಾದೆ. ಅವರು ಶೋಭಾಳನ್ನು ಹತ್ತಿರ ಎಳೆದುಕೊಂಡು ಗೋಡೆಯ ಕಡೆ ತಿರುಗಿ ಕೂತರು. ಯಾಕೆ ಹಾಗೆ ಹೇಳಿದೆ ಎಂದು ಭಾವ ಕೇಳಿದರು. ನನಗೇ ಗೊತ್ತಿಲ್ಲ ಎಂದೆ. ಅವರು ಅಂಗಳಕ್ಕೆ ಇಳಿದು, ನನ್ನ ಮುಖ ನೋಡದೆ ಹೇಳಿದರು:

"ನಾಳೆ ಮೊದಲ್ನೇ ಬಸ್ಸಿಗೆ ಹುಡುಗೀನ ಕರ್ಕೊಂಡು ಹೋಗಾನ. ನೀನೂ ಬಾ. ಡಾಕ್ಟ್ರು ಕೇಳಿದ್ರೆ ನೀನೇ ಹೇಳ್ಬೇಕು."

ಹೋಗುತ್ತೇನೆ ಅಕ್ಕ. ಅವರು ಕೇಳದಿದ್ದರೂ ಹೇಳುತ್ತೇನೆ.