ವಿಷದಂಗಿ ಒಗೆಯುವ ಬಟ್ಟೆಯಕ್ಕ

ಈಗಷ್ಟೇ ಬೆಳಕು ಹರಿಯುತ್ತಿದೆ. ಹೂ ಬೆಳೆಯುವ ಗಾಜಿನಮನೆಗಳ ಹಿಂದಿನ ತಗಡಿನ ಶೆಡ್ಡಿನಲ್ಲಿ ಹೆಂಗಸೊಬ್ಬರು ರಬ್ಬರ್ ಗವಸಿಗೆ ನೀರು ತುಂಬಿ ಹಿಂಡಿ ನೋಡುತ್ತಿದ್ದಾರೆ. ಒಂದು ಹನಿ ಜಿನುಗಿದರೂ ಅದು ಕಸದ ಬುಟ್ಟಿಗೆ. ಆಮೇಲಷ್ಟೇ, ನಿನ್ನೆ ಕೀಟನಾಶಕ ಸಿಂಪಡಿಸಿದವರ ಅಂಗಿಗಳ ರಾಶಿಗೆ ಕೈ ಹಾಕುತ್ತಾರೆ. ಇಲ್ಲಿ ಎಲ್ಲರಿಗೂ ಅವರು ಬಟ್ಟೆಯಕ್ಕ.

"ಔಷಧಿ ಅಂತಾರಲ್ಲ, ಆ ಹೆಸರು ಕೇಳಿ ಮೋಸ ಹೋದೆ. ಹೊಡೆಯೋರು ಮುಖಕ್ಕೆ ಮುಸುಕು ಹಾಕ್ಕೊಳ್ತಿದ್ರು, ನಾನು ಬರಿಗೈಲೇ ತಿಕ್ತಿದ್ದೆ. ಹುಳಕ್ಕಿಂತ ಜಾಸ್ತಿ ನಾನೇ ಕುಡಿದಿದ್ದೀನಿ ಬಿಡಿ," ಎಂದು ನಗುತ್ತಾರೆ. ಆ ನಗು ಕಣ್ಣಿನವರೆಗೆ ಏರುವುದಿಲ್ಲ.

ಗಂಡ ತೀರಿಕೊಂಡ ಮೇಲೆ ಹಿಡಿದ ಕೆಲಸವಿದು. ಹೋದ ವರ್ಷ ತಲೆನೋವು ಬಂದಾಗ, ಬಾಯಲ್ಲಿ ಸುಮ್ಮಸುಮ್ಮನೆ ನೀರೂರಿದಾಗ, ವಯಸ್ಸಾಯಿತೆಂದುಕೊಂಡರು. ಒಂದು ಬೆಳಿಗ್ಗೆ, ಅಂಗಿಗಳ ಮೇಲೆ ಮಲಗುತ್ತಿದ್ದ ಶೆಡ್ಡಿನ ಬೆಕ್ಕು ಜೊಲ್ಲು ಸುರಿಸುತ್ತ ಅದುರತೊಡಗಿತು. ಎತ್ತಿಕೊಂಡರೆ ತಮ್ಮ ತೋಳೂ ಹಾಗೇ ಅದುರುತ್ತಿದೆ! ಬೆಕ್ಕು ಮಡಿಲಲ್ಲೇ ಸತ್ತಿತು. "ಇವತ್ತು ಇದು, ನಾಳೆ ನಾನು ಅನ್ನಿಸ್ತು."

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷಿಸಿದರೆ ಒಂದು ಕಿಣ್ವ ಇರಬೇಕಾದ ಮಟ್ಟದ ಅರ್ಧಕ್ಕಿಂತ ಕೆಳಗಿಳಿದಿತ್ತು. ಡಾಕ್ಟರಮ್ಮ ಬಿಡಿಸಿ ಹೇಳಿದರು: "ನರ ಸ್ನಾಯುವಿಗೆ 'ಎಳಿ' ಅನ್ನುತ್ತೆ. ಈ ಕಿಣ್ವ 'ಸಾಕು, ಬಿಡು' ಅನ್ನುತ್ತೆ. ವಿಷ ಅದರ ಬಾಯಿ ಕಟ್ಟಿಬಿಡುತ್ತೆ. ಹುಳ, ಬೆಕ್ಕು, ಮನುಷ್ಯ, ಎಲ್ಲರಿಗೂ ಒಂದೇ. ಕೊನೆಗೆ ಉಸಿರೆಳೆಯೋ ಸ್ನಾಯುನೇ ಸೋತ್ರೆ..."

ಕೆಲಸ ಬಿಟ್ಟು ಮನೆಯಲ್ಲಿದ್ದಾಗ ಸುದ್ದಿ ಬಂತು, ಅವರ ಜಾಗಕ್ಕೆ ಬಸುರಿಯೊಬ್ಬಳು ಬಂದಿದ್ದಾಳೆಂದು. ಬಟ್ಟೆಯಕ್ಕ ಎದ್ದು ಹೋದವರೇ ಶೆಡ್ಡಿನ ಬಾಗಿಲಿಗೆ ಅಡ್ಡ ನಿಂತರು.

"ಯಾಕಮ್ಮ ಈ ರಂಪ?" ಎಂದರು ಮಾಲೀಕರು.

"ಗವಸು, ಬಟ್ಟೆ ಒಗೆಯೋ ಯಂತ್ರ ತರಿಸಿ ಸ್ವಾಮಿ. ಅಲ್ಲೀವರೆಗೂ ಇವಳು ಮುಟ್ಟಲ್ಲ. ಹೊಟ್ಟೇಲಿರೋ ಕೂಸು ಏನು ತಪ್ಪು ಮಾಡಿದೆ?"

ಸಿಂಪಡಿಸುವವರೂ ಅವರ ಪಕ್ಕಕ್ಕೆ ಬಂದು ನಿಂತರು. ಗವಸೂ ಯಂತ್ರವೂ ಬಂದವು. ಆ ಹೆಣ್ಣುಮಗಳು ಹೂ ಕಟ್ಟುವ ಕೆಲಸಕ್ಕೆ ಹೋದಳು. ಡಾಕ್ಟರಮ್ಮ ಒಪ್ಪಿದ ಮೇಲೆ ಬಟ್ಟೆಯಕ್ಕ ಮರಳಿದ್ದಾರೆ. ಕಿಣ್ವ ಮೆಲ್ಲಗೆ ಏರುತ್ತಿದೆ. ಭಯ ಮಾತ್ರ ಇಳಿದಿಲ್ಲ.

"ಸಂಜೆ ಮೊಮ್ಮಗಳು ಓಡಿ ಬರ್ತಾಳೆ. 'ಮುಟ್ಬೇಡ!' ಅಂತ ಕಿರುಚಿಬಿಡ್ತೀನಿ. ಸ್ನಾನ ಆದ್ಮೇಲೂ ಕೈ ಮೂಸಿ ನೋಡ್ಕೋತೀನಿ. ಒಂದಿನ ಮೂಸದೇನೇ ಅವಳನ್ನ ಎತ್ಕೋಬೇಕು. ಅಷ್ಟೇ ಆಸೆ."