ಬಾಗಲಗುಂಟೆಯ ಹೆಂಗಸಿಗೆ ಮಣ್ಣು

ಬಡಗಿ ಕೆಲಸಕ್ಕೆಂದು ಬಿಹಾರದಿಂದ ಬಂದ ಅಪ್ಪ ಯಲಹಂಕದಲ್ಲೇ ನೆಲೆನಿಂತರು. ನಾನು ಹುಟ್ಟಿದ್ದು, ಓದಿದ್ದು, ಜಗಳವಾಡಲು ಕಲಿತದ್ದು ಎಲ್ಲ ಇಲ್ಲೇ, ಕನ್ನಡದಲ್ಲೇ. ಮಸೀದಿಯ ಸೇವಾ ತಂಡ ಸೇರಿ, ದಿಕ್ಕಿಲ್ಲದೆ ಸತ್ತ ಹೆಂಗಸರಿಗೆ ಕೊನೆಯ ಸ್ನಾನ ಮಾಡಿಸುವ ಕೆಲಸ ಹಿಡಿದೆ. ದೇವರು ಮೆಚ್ಚಲಿ ಎಂಬುದು ಅರ್ಧ. ಇವಳು ನಮ್ಮವಳೆಂದು ಈ ಊರು ಒಪ್ಪಲಿ ಎಂಬುದು ಇನ್ನರ್ಧ.

ಹೋದ ಬೇಸಿಗೆಯಲ್ಲಿ ಬಾಗಲಗುಂಟೆಯ ತಗಡಿನ ಶೆಡ್ಡೊಂದರಿಂದ ಕರೆ ಬಂತು. ಗಾರೆ ಕೆಲಸದವನೊಬ್ಬನ ಹೆಂಡತಿ ಜ್ವರದಲ್ಲಿ ಸತ್ತಿದ್ದಳು. ನನಗಿಂತ ಚಿಕ್ಕವಳು, ಅಪ್ಪನ ಜಿಲ್ಲೆಯವಳೇ. ಜೊತೆಗೆ ಬಂದಿದ್ದ ಅಮ್ಮ ನೀರು ಹಾಕಿದಳು, ನಾನು ಕೂದಲು ತೊಳೆದು ಜಡೆ ಹೆಣೆದೆ. ಬಿಳಿ ಬಟ್ಟೆ ಸುತ್ತಿ, ಮಂಜುಗಡ್ಡೆಯ ನಡುವೆ ವ್ಯಾನಿನಲ್ಲಿ ಮಲಗಿಸಿದೆವು. ಗಂಡನೂ ಪಕ್ಕದಲ್ಲಿ ಹತ್ತಿ ಕುಳಿತ.

ಖಬರಸ್ತಾನದ ಹಿರಿಯರು ಗೇಟು ತೆರೆಯಲಿಲ್ಲ.

"ಎಲ್ಲಿಯವ್ರಮ್ಮ ಇವ್ರು?"

"ಬಾಗಲಗುಂಟೇಲಿ ಇದ್ರು."

"ಅದಲ್ಲ, ಸ್ವಂತ ಊರು ಯಾವ್ದು? ನಮ್ಮ ಮೊಹಲ್ಲಾದವ್ರಿಗೇ ಜಾಗ ಸಾಲ್ತಿಲ್ಲ. ಹೊರಗಿನವ್ರನ್ನ ಎಲ್ಲಿ ಹೂಳೋದು?"

ಇನ್ನೊಂದು ಕಡೆ ಹೋದೆವು. ಅಲ್ಲೂ ಅದೇ ಮಾತು. ಮಂಜು ಕರಗಿ ವ್ಯಾನಿನ ಬಾಗಿಲಿಂದ ನೀರು ತೊಟ್ಟಿಕ್ಕುತ್ತಿತ್ತು. ಶೆಡ್ಡಿನ ಮಾಲೀಕರಿಗೆ ಫೋನ್ ಮಾಡಿದೆ. "ವಾಪಸ್ ಮಾತ್ರ ತರ್ಬ್ಯಾಡ್ರವ್ವ. ಮಿಕ್ಕವ್ರೆಲ್ಲ ಎದ್ರ್ಕೊಂಡವ್ರೆ" ಎಂದರು.

ಮತ್ತೆ ಮೊದಲಿನ ಗೇಟಿಗೇ ಬಂದೆವು.

"ನಮ್ಮಪ್ಪನೂ ಅದೇ ಜಿಲ್ಲೆಯವ್ರು. ನಾಳೆ ಅವ್ರು ಸತ್ರೆ ನಾನೆಲ್ಲಿಗೆ ಹೋಗ್ಲಿ?"

"ನಿಂದು ಬೇರೆ ಕಣಮ್ಮ. ನೀನು ಕನ್ನಡ ಮಾತಾಡ್ತೀಯ."

ಬದುಕಿಡೀ ಕಾದ ಮಾತು ಅದು. ಕೆನ್ನೆಗೆ ಬಾರಿಸಿದಂತಾಯಿತು.

"ಅವಳಿಗೆ ಕಲಿಯೋಕೆ ಟೈಮ್ ಎಲ್ಲಿ ಸಿಕ್ತು?" ಎಂದು ಕಿರುಚಿ, ಗೇಟಿನ ಸರಳು ಹಿಡಿದು ನೆಲದ ಮೇಲೇ ಕುಳಿತುಬಿಟ್ಟೆ. ಅಮ್ಮ ಎಳೆದಳು; ಏಳಲಿಲ್ಲ. ನಮಾಜು ಮುಗಿಸಿ ಬಂದವರು ಸುತ್ತ ನೆರೆದರು. ವಿಷಯ ತಿಳಿದು ಒಬ್ಬಿಬ್ಬರು ಗೊಣಗತೊಡಗಿದರು. ಹಿರಿಯರು ಯಾರ ಮುಖವನ್ನೂ ನೋಡದೆ, "ಹೋಗ್ಲಿ, ಗೋಡೆ ಪಕ್ಕ ತೋಡಿ" ಎಂದರು. ಕರುಣೆಯಲ್ಲ, ಮುಜುಗರ. ಅಷ್ಟೇ ಸಾಕಾಗಿತ್ತು.

ಹೆಂಗಸರು ಒಳಗೆ ಹೋಗುವಂತಿರಲಿಲ್ಲ. ಹೊರಗೇ ನಿಂತು ಗುದ್ದಲಿಯ ಸದ್ದು ಕೇಳಿದೆವು.

ಗಂಡ ಹೊರಬಂದಾಗ ಕೈತುಂಬ ಮಣ್ಣು. "ಈ ಜಾಗದ ಹೆಸರೇನು? ಅವಳ ತಾಯಿ ಕೇಳ್ತಾರೆ" ಎಂದು ತನ್ನ ಭಾಷೆಯಲ್ಲಿ ಕೇಳಿದ. ಹೇಳಿದೆ. ಅವನೂ ಹೇಳಲು ಹೋದ, ನಾಲಿಗೆ ತೊಡರಿತು. ನಿಧಾನವಾಗಿ ಬಿಡಿಸಿ ಹೇಳಿಕೊಟ್ಟೆ. ಆಗಲೂ ಬರಲಿಲ್ಲ. ಅಲ್ಲಿಯವರೆಗೆ ಅಳದಿದ್ದವನು, ಅಲ್ಲೇ ಕುಸಿದು ಅಳತೊಡಗಿದ.