ಕಿವಿ ಮುಚ್ಚಿ ಭಾಷಣ ಕೇಳುತ್ತಿದ್ದ ಲಿಲ್ಲಿ ಟೀಚರ್

ಲಿಲ್ಲಿ ಟೀಚರ್ ಭಾಷಣ ಕೇಳುತ್ತಿದ್ದುದು ಎರಡೂ ಕಿವಿ ಮುಚ್ಚಿಕೊಂಡು. ಸಭೆ ಯಾವುದಿರಲಿ, ಅವರಿಗೆ ಕೊನೆಯ ಸಾಲಿನ ಕುರ್ಚಿಯೇ ಆಗಬೇಕು. ಮೊದಲು ಕಿವಿಗೆ ಬೆರಳಿಟ್ಟು ಮಾತಾಡುವವರ ಕೈ, ಕಣ್ಣು, ನಿಲುವು ನೋಡುವುದು. ಆಮೇಲೆ ಕಣ್ಣು ಮುಚ್ಚಿ ದನಿ ಕೇಳುವುದು. ಸರಿ ಕಾಣದಿದ್ದರೆ ಕೊಡೆ ಹಿಡಿದು ಎದ್ದು ಹೋಗುತ್ತಿದ್ದರು.

ಬೆಳುವಾಯಿಯಿಂದ ಒಳಗೆ ಹೋದರೆ ಸಿಗುವ ನಮ್ಮೂರ ಶಾಲೆಯಲ್ಲಿ ನನಗೆ ಕನ್ನಡ ಕಲಿಸಿದವರು ಅವರು. ನಾನು ಪಂಚಾಯತ್ ಸದಸ್ಯೆಯಾದ ಮೇಲೂ ಬಿಡಲಿಲ್ಲ. ಮೈಕ್ ಕಂಡರೆ ನನ್ನ ದನಿ ಗಂಟಲಲ್ಲೇ ಕೂರುತ್ತದೆ, ಕೈ ಸೆರಗು ಹುಡುಕುತ್ತದೆ. ಟೀಚರ್ ನನ್ನನ್ನು ಅಂಗಳದ ಆಚೆ ತುದಿಯಲ್ಲಿ ನಿಲ್ಲಿಸಿ, ತಾವು ಜಗಲಿಯಲ್ಲಿ ಕೂತು ಮಾತಾಡಿಸುತ್ತಿದ್ದರು. "ವಾಕ್ಯದ ಬಾಲ ಯಾಕೆ ನುಂಗುತ್ತೀ ಮಾರಾಯ್ತಿ? ಹಸಿವೆ ಉಂಟಾ?" ಎನ್ನುವರು. ಮೆಚ್ಚುಗೆ ಅಂತ ಒಂದು ಮಾತು? ಊಹೂಂ. ಸಿಟ್ಟು ಬಂದು ಚಹಾ ಕುಡಿಯದೆ ಎದ್ದು ಬಂದದ್ದೂ ಉಂಟು.

ನಮ್ಮ ಆರೋಗ್ಯ ಕೇಂದ್ರಕ್ಕೆ ಹೊಸ ಕಟ್ಟಡ ಬಂತು, ಡಾಕ್ಟರ್ ಬರಲಿಲ್ಲ. ಟೀಚರಿಗೋ ದಮ್ಮಿನ ಕಾಯಿಲೆ. ಉಸಿರು ಕಟ್ಟಿದಾಗಲೆಲ್ಲ ರಿಕ್ಷಾ ಹಿಡಿದು ಮೂಡಬಿದಿರೆಗೆ ಓಡಬೇಕು. ಉದ್ಘಾಟನೆಯ ದಿನ ಸ್ವಾಗತ ಭಾಷಣ ನನ್ನ ಪಾಲಿಗೆ ಬಂದಾಗ ಅವರು ಹೇಳಿದ್ದು ಇಷ್ಟೇ: "ಹೆಸರುಗಳೆಲ್ಲ ಮತ್ತೆ. ಮೊದಲು ಡಾಕ್ಟರ್ ಬೇಕು ಅಂತ ಹೇಳು. ಜನರನ್ನು ನೋಡಿ ಹೇಳು."

ಹೇಳಿದರೆ ಆಯಿತೇ! ನಮ್ಮಲ್ಲಿ ವೇದಿಕೆಯ ಪ್ರತಿಯೊಬ್ಬರ ಕಡೆಗೂ ತಿರುಗಿ, ಕೈ ಮುಗಿದು, ಹೆಸರು ಹಿಡಿದು ಸ್ವಾಗತಿಸದಿದ್ದರೆ ಮುಖ ಊದಿಸಿಕೊಳ್ಳುತ್ತಾರೆ. ವೇದಿಕೆಯೋ ಭರ್ತಿ. ತಿರುಗಿದೆ, ಮುಗಿದೆ, ಮತ್ತೆ ತಿರುಗಿದೆ. ಮೈಕ್ ಒಂದು ಕಡೆ, ನನ್ನ ಬಾಯಿ ಒಂದು ಕಡೆ. ಡಾಕ್ಟರ ವಿಷಯಕ್ಕೆ ಬರುವಾಗ ನಿರೂಪಕರು ಸಮಯವಾಯಿತೆಂದು ಕೈಗೆ ಚೀಟಿ ತುರುಕಿದರು. "ನಮಗೊಬ್ಬ ಡಾಕ್ಟರ್..." ಎಂದೆ, ಬಾಲ ನುಂಗಿದೆ. ಡಾಕ್ಟರನ್ನು ಹಾಕಿಸಿಕೊಡಬೇಕಾಗಿದ್ದ ಮುಖ್ಯ ಅತಿಥಿಗಳು ಪಕ್ಕದವರೊಡನೆ ನಗುತ್ತಿದ್ದರು. ಕೊನೆಯ ಸಾಲಿನಲ್ಲಿ ಕೊಡೆ ಎದ್ದಿತು.

ಮರುದಿನ ಹೋಗಿ ಜಗಳಕ್ಕೇ ನಿಂತೆ, ಎಲ್ಲರೂ ಮಾಡುವುದು ಹೀಗೇ ಅಲ್ಲವಾ ಎಂದು. ಟೀಚರ್ ಉಸಿರು ಎಳೆದುಕೊಳ್ಳುತ್ತ ಹೇಳಿದರು: "ಊರಿಗೆ ಬೆನ್ನು ಹಾಕಿ ಊರಿನ ಕಷ್ಟ ಹೇಳಿದರೆ ಯಾರಿಗೆ ಕೇಳುತ್ತದೆ?" ನನಗೆ ಅಳು ಬಂತು. ಅವರು ಚಹಾ ಮಾಡಲು ಒಳಗೆ ಹೋದರು.

ಕಳೆದ ಮಳೆಗಾಲದಲ್ಲಿ ಮೂಡಬಿದಿರೆಯ ದಾರಿಯಲ್ಲೇ, ರಿಕ್ಷಾದೊಳಗೇ ಟೀಚರ್ ಹೋಗಿಬಿಟ್ಟರು.

ಶಾಲೆಯಲ್ಲಿ ನುಡಿನಮನ ಇಟ್ಟರು. ಮುಂದಿನ ಸಾಲಿನಲ್ಲಿ ಅದೇ ಮುಖ್ಯ ಅತಿಥಿಗಳು. ವೇದಿಕೆಯ ಮೇಲಿದ್ದ ಟೀಚರ ಫೋಟೋದ ಕಡೆಗೆ ನನ್ನ ಮೈ ತಾನಾಗಿ ತಿರುಗುತ್ತಿತ್ತು, ಕೈ ಮುಗಿಯುತ್ತಿತ್ತು. ಥತ್, ಈಗಲೂ ಇದೇ! ಜನರ ಕಡೆಗೆ ತಿರುಗಿ ನಿಂತು, ಟೀಚರಿಗೆ ಉಸಿರು ಕಟ್ಟಿದ ದಿನ ನಮ್ಮ ಹೊಸ ಕಟ್ಟಡದಲ್ಲಿ ಡಾಕ್ಟರ್ ಇರಲಿಲ್ಲ ಎಂದೆ. ಬೇರೇನೂ ಹೇಳಲಿಲ್ಲ.

ಕೆಳಗಿಳಿದಾಗ ಮುಖ್ಯ ಅತಿಥಿಗಳು ಹತ್ತಿರ ಬಂದರು. "ಒಳ್ಳೆ ಮಾತಾಡಿದ್ರಿ ಮೇಡಂ. ಟೀಚರ್ ಇದ್ದಿದ್ರೆ ಖುಷಿಪಡ್ತಿದ್ರು."

"ಡಾಕ್ಟರ್ ಇದ್ದಿದ್ರೆ ಟೀಚರ್ ಇರ್ತಿದ್ರು," ಎಂದೆ, ಕೊನೆಯ ಸಾಲಿಗೂ ಕೇಳುವ ಹಾಗೆ.